ಗಿಡ್ಡಿಯ ಆಯಿಲ್ ಬೆಳ್ಳಗಾದ ದಿನಗಳು

ಜೂನ್ 23, ಸೋಮವಾರ. ಬೆಳಿಗ್ಗೆ 7

ಡೀಸೆಲ್ ನೋಡಿದೆ. ಎಂಜಿನ್ ಆಯಿಲ್ ನೋಡಿದೆ. ಟಯರ್ ಒದ್ದು ನೋಡಿದೆ — ಬಲಗಾಲಿನಿಂದ. ಎಡಗಾಲಿಗೆ ಒದೆಯುವ ಯೋಗ್ಯತೆ ಹೋಗಿ ಮೂರು ವರ್ಷ. ಇಪ್ಪತ್ತೆಂಟು ವರ್ಷ ಬಸ್ಸು ಹೊಡೆದವನ ಚಟ. ಡಿಪೋ ಬಿಟ್ಟರೂ ಬಿಡುವುದಿಲ್ಲ. ದಿನಾ ಲಾಗ್‌ಶೀಟ್ ತುಂಬುವ ಚಟವೂ ಬಿಟ್ಟಿಲ್ಲ, ಅದಕ್ಕೇ ಈ ಡೈರಿ. ಯಾರೂ ಓದುವುದಿಲ್ಲ. ಆ ಲಾಗ್‌ಶೀಟನ್ನಾದರೂ ಯಾರು ಓದುತ್ತಿದ್ದರು!

ಲಕ್ವಾ ಹೊಡೆದ ಮೇಲೆ ಎಡಗಾಲು ನೆಲ ಮುಟ್ಟುತ್ತದೆ, ಒತ್ತುವುದಿಲ್ಲ. ಕ್ಲಚ್ ಒತ್ತಲಾರದ ಡ್ರೈವರನಿಗೆ ಡಿಪೋದವರು ಹಾರ ಹಾಕಿ, ಶಾಲು ಹೊದಿಸಿ, ಮನೆಗೆ ಕಳಿಸಿದರು. ಆಮೇಲೆ ಎಲ್ಲ ಕಡೆ ಹಿಂದಿನ ಸೀಟು. ಯಾರೋ ಹೊಡೆಯುವುದು, ನಾನು ಕೂಡುವುದು. ಆ ಎರಡು ವರ್ಷದ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ಹೋದ ವರ್ಷ ಸೋಲಾಪುರದಲ್ಲಿ ಈ ಗಿಡ್ಡಿ ಸಿಕ್ಕಳು. ಸೆಕೆಂಡ್ ಹ್ಯಾಂಡ್ ತೋಟದ ಟ್ರ್ಯಾಕ್ಟರ್. ಎತ್ತರ ನನ್ನ ಎದೆಯವರೆಗೆ. ಹೈಡ್ರಾಲಿಕ್ ಡ್ರೈವ್ — ಕ್ಲಚ್ ಇಲ್ಲ, ಗೇರಿನ ರಗಳೆ ಇಲ್ಲ. ಎಂಜಿನ್ ಪಂಪ್ ತಿರುಗಿಸುತ್ತದೆ, ಪಂಪ್ ಆಯಿಲ್ ತಳ್ಳುತ್ತದೆ, ಆಯಿಲ್ ಗಾಲಿ ತಿರುಗಿಸುತ್ತದೆ. ಬಲಗಾಲಿಗೆ ಒಂದೇ ಪೆಡಲ್. ಬೆರಳು ಒತ್ತಿದರೆ ಮುಂದೆ, ಹಿಮ್ಮಡಿ ಒತ್ತಿದರೆ ಹಿಂದೆ, ಕಾಲೆತ್ತಿದರೆ ನಿಂತಳು. ಮೊದಲ ದಿನ ಬಾಳೆ ಸಾಲಿನಲ್ಲಿ ಒಂದು ಸುತ್ತು ಹಾಕಿ ಇಳಿದವನು ಸುನಂದಾಳ ಮುಂದೆ ಅತ್ತುಬಿಟ್ಟೆ. ಅವಳು "ಕಣ್ಣಾಗ ಕಸ ಬಿತ್ತೇನ್ರಿ?" ಎಂದು ಕೇಳಿ ಸೆರಗು ಕೊಟ್ಟಳು. ಜಾಣೆ.

ನಿನ್ನೆ ಅಣ್ಣನ ಫೋನ್. ಯಶವಂತಣ್ಣನಿಗೆ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ. ತೋಟ ಇಬ್ಬರ ಹೆಸರಿನಲ್ಲಿದೆ. "ಮಲ್ಲ್ಯಾ, ತೋಟ ಲಾವಣಿಗಿ ಕೊಟ್ಟುಬಿಡೂನು. ಯಾರರ ಗುತ್ತಿಗಿ ಹಿಡದು ಮಾಡಿಕೊಂಡು ಹೋಗ್ತಾರ. ನೀ ಇಲ್ಲಿ ಬಂದು ಅಂಗಡ್ಯಾಗ ಕೂಡು. ಗಲ್ಲಾ ಮ್ಯಾಲ ಕೂಡಾಕ ಕಾಲು ಬೇಕಾಗಿಲ್ಲ." ಪ್ರೀತಿಯಿಂದಲೇ ಹೇಳಿದ. ಅದೇ ಕಷ್ಟ, ಬೈದಿದ್ದರೆ ತಿರುಗಿ ಬೈಯಬಹುದಿತ್ತು. "ಈ ಮಳಿಗಾಲ ನಾನೇ ಮಾಡಿ ತೋರಸ್ತೀನಿ" ಅಂದೆ. "ನೋಡೂನು" ಅಂದ.

ಜೂನ್ 25, ಬುಧವಾರ

ಮಣ್ಣೆತ್ತಿನ ಅಮಾವಾಸ್ಯೆ. ಬೆಳಿಗ್ಗೆ ಗೊಬ್ಬರ ಎರಡು ಟ್ರಿಪ್. ಬಂದು ಗಿಡ್ಡಿಗೆ ಸ್ನಾನ, ವಿಭೂತಿ, ಕಾಯಿ. ನನಗೆ ಕಡಬು, ಆರು. ಏಳನೆಯದಕ್ಕೆ ಸುನಂದಾ ತಟ್ಟೆ ಎತ್ತಿದಳು.

ಜೂನ್ 27, ಶುಕ್ರವಾರ. ಮಧ್ಯಾಹ್ನ

ಕೆಟ್ಟ ದಿನ. ಬೆಳಿಗ್ಗೆ ಚೆನ್ನಾಗಿಯೇ ಓಡಿದಳು. ಒಂದು ತಾಸಿನ ಮೇಲೆ ದಿಬ್ಬ ಏರುವಾಗ ಕುಂಯ್... ಎಂದಳು. ಪೆಡಲ್ ಪೂರ್ತಿ ಒತ್ತಿದರೂ ಆಮೆ ನಡಿಗೆ. ಎಂಜಿನ್ ಮಾತ್ರ ಗಟ್ಟಿಯಾಗಿ ಓಡುತ್ತಿದೆ, ಗಾಲಿಗೆ ಶಕ್ತಿ ಮುಟ್ಟುತ್ತಿಲ್ಲ. ದಿಬ್ಬದ ನಡುವೆ ನಿಂತೇ ಹೋದಳು.

ದತ್ತಪ್ಪ ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟ. ಹನ್ನೊಂದು ವರ್ಷದಿಂದ ತೋಟದಲ್ಲಿ ಇರುವವನು. ಬಾಳೆಯ ವಿಷಯದಲ್ಲಿ ಅವನೇ ಗುರು, ನಾನು ಶಿಷ್ಯ. ಕೆಂಪು ಬಾಳೆಯ ಕಂದು, ಅಂದರೆ ಮರಿಗಿಡ, ಎಲ್ಲಿ ಇಡಬೇಕು, ಯಾವುದು ಕೀಳಬೇಕು — ನೋಡಿದ ಕೂಡಲೇ ಹೇಳುತ್ತಾನೆ. "ಡ್ರೈವರ್ ಸಾಹೇಬ್ರ, ಸ್ವಲ್ಪ ಕೂಡ್ರಿ, ಆಕಿಗೂ ದಮ್ಮು ಹತ್ಯಾದ" ಅಂದ. ಅರ್ಧ ತಾಸು ಆರಿಸಿದ ಮೇಲೆ ಏರಿದಳು. ನನಗೆ ಮಾತ್ರ ದಮ್ಮು ಇಳಿಯಲಿಲ್ಲ. ಸೋಲಾಪುರದವನು ಆಗಲೇ ಹೇಳಿದ್ದ: ಈ ಮಾಡೆಲ್ಲಿನ ಪಂಪ್ ಈಗ ಬರುವುದಿಲ್ಲ. ಪಂಪ್ ಹೋದರೆ ಗಿಡ್ಡಿಯೂ ಹೋದಂತೆ. ನಾನೂ.

ಜೂನ್ 30, ಸೋಮವಾರ

ಕಲಬುರಗಿ ಬದಿಯ ಕಪನೂರಿನ ಹಮೀದ್ ಭಾಯ್‌ಗೆ ಫೋನ್ ಮಾಡಿದ್ದೆ. ಅವರದು ಹೈಡ್ರಾಲಿಕ್ ವರ್ಕ್‌ಶಾಪ್. ಅವರು ಬರುತ್ತಾರೆಂದು ಕಾದೆ. ಸ್ಕೂಟಿಯ ಮೇಲೆ ಒಬ್ಬ ಹೆಣ್ಣುಮಗಳು ಬಂದಳು. ತ್ರಿವೇಣಿ. ಮೂವತ್ತರ ಆಸುಪಾಸು, ಡಿಪ್ಲೊಮಾ, ಎಂಟು ವರ್ಷದ ಅನುಭವ. "ಹಮೀದ್ ಭಾಯ್ ಬರಲಿಲ್ಲೇನವ್ವ?" ಅಂದೆ. "ಅವರು ಬಂದರ ನನಗಽ ಫೋನ್ ಹಚ್ಚಿ ಕೇಳ್ತಾರ್ರಿ ಕಾಕಾ" ಅಂದಳು. ಗಿಡ್ಡಿಯ ಕಡೆ ದಾರಿ ತೋರಿಸಿದೆ.

ಗಾಡಿ ಮುಟ್ಟುವ ಮೊದಲು ಪ್ರಶ್ನೆ. "ತಂಪಿದ್ದಾಗ ಏರ್ತದ, ಬಿಸಿ ಆದ ಮ್ಯಾಲ ಏರಲ್ಲ. ಹೌದಲ್ರಿ?" ಹೌದು. "ಆವಾಜು ಬಂದದ?" ಬಂದಿದೆ. ಆಮೇಲೆ ಬಗ್ಗಿ, ಹೊಟ್ಟೆಯ ಕೆಳಗೆ ಕೈ ಹಾಕಿ ಒಂದು ಹಿಡಿ ಕಸ ಎಳೆದಳು. ಒಣಗಿದ ಬಾಳೆ ನಾರು! ಆಯಿಲ್ ತಂಪು ಮಾಡುವ ಫ್ಯಾನಿಗೆ ಹಗ್ಗದ ಹಾಗೆ ಸುತ್ತಿಕೊಂಡಿತ್ತು. ದಿನಾ ಟಯರ್ ಒದೆಯುವವನು ಬಗ್ಗಿ ಮಾತ್ರ ನೋಡಿರಲಿಲ್ಲ.

ಇಷ್ಟೇ ಎಂದು ಖುಷಿಪಟ್ಟೆ. ಆಯಿಲ್ ಅಳೆಯುವ ಕಡ್ಡಿ ಎಳೆದು ನನ್ನ ಮೂಗಿನ ಮುಂದೆ ಹಿಡಿದಳು. "ಇದು ನೋಡ್ರಿ. ಚಹಾ ಆಗ್ಯಾದ."

ಅವಳು ಹೇಳಿದ್ದನ್ನು ಬರೆದಿಡುತ್ತೇನೆ. ಆಯಿಲ್ ಕಪ್ಪಗಾಗಿ ಸುಟ್ಟ ವಾಸನೆ ಬಂದರೆ ಕಾವು ಹೆಚ್ಚಾಗಿದೆ. ನೊರೆ ಬಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಹಾಲು ಬೆರೆತಂತೆ ಬೆಳ್ಳಗಾದರೆ ನೀರು. ನಮ್ಮದು ನೀರು. ನೀರು ಬೆರೆತ ಆಯಿಲ್ ಬಿಸಿಯಾದರೆ ತೆಳುವಾಗುತ್ತದೆ, ಪಂಪಿಗೆ ತಳ್ಳಲು ಹಿಡಿತ ಸಿಗುವುದಿಲ್ಲ. ಹಾಗೇ ಓಡಿಸಿದರೆ ಪಂಪ್ ತಿಂದುಕೊಂಡು ಹೋಗುತ್ತದೆ. ಈ ಕೊನೆಯದನ್ನು ಹೇಳದಿದ್ದರೂ ನಡೆಯುತ್ತಿತ್ತು.

ಎಲ್ಲಿಂದ ನೀರು? "ಮಳಿ ಅದಲ್ಲ ಕಾಕಾ. ಬಯಲಾಗ ನಿಂದರಸ್ತೀರಿ" ಅಂದಳು. ಆಯಿಲ್ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಿ ಹೋದಳು. ಸುನಂದಾ ಚಹಾ ಕೊಟ್ಟಳು. ನನಗೆ ಆ ಬಣ್ಣ ನೋಡಿ ಕುಡಿಯಲಾಗಲಿಲ್ಲ.

ಜುಲೈ 9

ಓಡುತ್ತಿದ್ದಾಳೆ. ದಿಬ್ಬ, ಕೆಸರು, ಎಲ್ಲದಕ್ಕೂ ಸೈ. ತಾಡಪತ್ರಿ ತಂದು ಹೊದಿಸುತ್ತಿದ್ದೇನೆ. ನನಗಿಂತ ಬೆಚ್ಚಗಿದ್ದಾಳೆ.

ಜುಲೈ 24, ಗುರುವಾರ

ನಾಗರ ಅಮಾವಾಸ್ಯೆ. ಗಿಡ್ಡಿಗೆ ಸ್ನಾನ, ಪೂಜೆ. ಮೂರು ವಾರದಿಂದ ಒಳ್ಳೆಯ ಕೆಲಸ ಮಾಡಿದ್ದಾಳೆ, ಕಾಯಿ ದೊಡ್ಡದೇ ಒಡೆದೆ.

ಜುಲೈ 26, ಶನಿವಾರ

ಮತ್ತೆ. ಅದೇ ದಿಬ್ಬ, ಅದೇ ಕುಂಯ್. ಕಡ್ಡಿ ಎಳೆದು ನೋಡಿದೆ — ಚಹಾ.

ತಾಡಪತ್ರಿ ಇತ್ತಲ್ಲ? ಸರಿಯಾಗಿ ಕಟ್ಟಿರಲಿಲ್ಲವೇನೋ. ಹೋದ ವಾರ ಗಾಳಿಮಳೆ ಇತ್ತು. ಏನೋ... ತಲೆ ಓಡುತ್ತಿಲ್ಲ.

ಜುಲೈ 28, ಸೋಮವಾರ

ತ್ರಿವೇಣಿ ಬಂದಳು. ಈ ಸಲ ಸೀದಾ ಅಡುಗೆಮನೆಗೆ. "ಕಾಕಿ, ರೊಟ್ಟಿ ಹಂಚು ಕೊಡ್ರಿ." ಸುನಂದಾ ಸಂತೋಷದಿಂದ ಕೊಟ್ಟಳು, ಪಾಪ, ರೊಟ್ಟಿ ಬಡಿಯುತ್ತಾಳೆಂದುಕೊಂಡು. ಹಂಚು ಕಾಯಿಸಿ ಅದರ ಮೇಲೆ ಗಿಡ್ಡಿಯ ಆಯಿಲ್ ಎರಡು ಹನಿ ಬಿಟ್ಟಳು. ಚಟಚಟ ಚಟಚಟ! ಡಬ್ಬಿಯ ಹೊಸ ಆಯಿಲ್ ಬಿಟ್ಟಳು — ಸದ್ದೇ ಇಲ್ಲ, ಸುಮ್ಮನೆ ಹೊಗೆ. "ಚಟಚಟ ಅಂದರ ನೀರು. ಖಾತ್ರಿ ಆಯ್ತು."

ಸುನಂದಾಳ ಮುಖ ನೋಡುವಂತಿತ್ತು. "ನಿಮ್ಮ ಗಿಡ್ಡಿ ಕಾಲಾಗ ನನ್ನ ಹಂಚೂ ಹೋಯ್ತು" ಎಂದು ಬೂದಿ ಹಾಕಿ ಮೂರು ಸಲ ತಿಕ್ಕಿದಳು. ಹಂಚು ಈಗ ಗಿಡ್ಡಿಯ ಹಂಚು ಎಂದೇ ಹೆಸರಾಗಿ ಹಿತ್ತಲಿಗೆ ಹೋಗಿದೆ.

ಮತ್ತೆ ಆಯಿಲ್ ಬದಲಿ. ಪೈಪಿನ ಕ್ಲಿಪ್ ಒಂದು ಸಡಿಲವಿತ್ತು, ಬಿಗಿ ಮಾಡಿದಳು. "ಇದರಿಂದ ಗಾಳಿ ಹೋಗ್ತದ, ನೀರಲ್ಲ. ನೀರಿನ ದಾರಿ ಇನ್ನಾ ಸಿಕ್ಕಿಲ್ರಿ" ಎಂದು ಒಪ್ಪಿಕೊಂಡಳು. ಸಿಕ್ಕಿದೆ ಎಂದು ಸುಳ್ಳು ಹೇಳಿ ಹೋಗಬಹುದಿತ್ತು. ಹೇಳಲಿಲ್ಲ. ಆ ಹುಡುಗಿಯ ಮೇಲೆ ನನಗೆ ಭರವಸೆ ಬಂದಿದೆ.

ನಾನೇ ನಿಂತು ದನದ ಕೊಟ್ಟಿಗೆಯ ಮಗ್ಗುಲಿಗೆ ತಗಡಿನ ಪತ್ರಾ ಹೊಡೆಸಿ ಶೆಡ್ ಮಾಡಿಸಿದೆ. ಇನ್ನು ಒಂದು ಹನಿ ಮಳೆ ಬೀಳಲಿ ನೋಡೋಣ.

ಆಗಸ್ಟ್ 14

ಅಣ್ಣ. "ಗಣಪತಿ ಹಬ್ಬ ಆದ ಮ್ಯಾಲ, ಸೆಪ್ಟೆಂಬರ್ ಎರಡಕ್ಕ ದೌಲಪ್ಪನ್ನ ಕರಕೊಂಡು ಬರ್ತೀನಿ. ತೋಟ ನೋಡ್ತಾನ. ಮನಸ್ಸಿಗಿ ಬಂದರ ಲಾವಣಿ ಬರಕೊಂಡೇ ಹೋಗ್ತಾನ." ಗಿಡ್ಡಿ ಎರಡು ಸಲ ದಿಬ್ಬದಲ್ಲಿ ನಿಂತದ್ದು ಅವನ ಕಿವಿಗೆ ಹೋಗಿದೆ. ನಮ್ಮೂರಲ್ಲಿ ಸುದ್ದಿ ಬಸ್ಸಿಗಿಂತ ಮೊದಲು ಕಲಬುರಗಿ ಮುಟ್ಟುತ್ತದೆ.

"ಗಾಡಿ ಈಗ ಚಲೋ ಅದ ಅಣ್ಣಾ" ಅಂದೆ. "ಅವತ್ತು ನೋಡೂನು. ಓಡಿದರ ನಿನ್ನ ಮಾತು, ನಿಂತರ ನನ್ನ ಮಾತು." ಹೂಂ ಅಂದೆ.

ಆಗಸ್ಟ್ 23, ಶನಿವಾರ

ಬೆನಕನ ಅಮಾವಾಸ್ಯೆ. ಗಿಡ್ಡಿಯ ಪೂಜೆ ಈ ಸಲ ಇನ್ನಷ್ಟು ಭಕ್ತಿಯಿಂದ. ಎರಡು ಕಾಯಿ. ಇನ್ನು ಹತ್ತು ದಿನ ಕೈ ಬಿಡಬೇಡ ತಾಯಿ.

ಆಗಸ್ಟ್ 25, ಸೋಮವಾರ

ನಿಂತಳು. ಈ ಸಲ ದಿಬ್ಬ ಮುಟ್ಟುವ ಮೊದಲೇ. ಕಡ್ಡಿಯಲ್ಲಿ ಚಹಾ ಅಲ್ಲ, ಮಜ್ಜಿಗೆ!

ಶೆಡ್ಡಿನಲ್ಲಿದ್ದ ಗಾಡಿ. ಮೇಲೆ ಪತ್ರಾ, ಅದರ ಕೆಳಗೆ ತಾಡಪತ್ರಿ. ಮಳೆ ಅಲ್ಲ. ಹಾಗಾದರೆ ಯಾರೋ. ಶೆಡ್ಡಿಗೆ ಹೋಗುವವರು ಇಬ್ಬರೇ, ನಾನು ಮತ್ತು ದತ್ತಪ್ಪ.

ತಲೆಗೆ ರಕ್ತ ಏರಿತ್ತು. "ಮುಚ್ಚಳ ತಗದಿದ್ದೇನು ನೀ? ಪೈಪು ಬಿಟ್ಟಿದ್ದೇನು? ಖರೇ ಹೇಳು" ಅಂದೆ.

"ನಾ ನೀರು ಬಿಡೋದು ಬಾಳಿಗಿ. ಮಶೀನಿಗಲ್ರಿ."

"ಮತ್ತ ತಾನಾಗೇ ಹೋಯ್ತೇನು? ನಮ್ಮಣ್ಣ ಏನರ ಹೇಳಿಕೊಟ್ಟಾನೇನು ನಿನಗ?"

ಆಡಿದ ಮಾತು, ಒಡೆದ ಮುತ್ತು. ದತ್ತಪ್ಪ ಕೈಯಲ್ಲಿದ್ದ ಕುಡುಗೋಲನ್ನು ಗೂಟಕ್ಕೆ ಸಿಗಿಸಿದ. ಟವೆಲ್ ಜಾಡಿಸಿ ಹೆಗಲ ಮೇಲೆ ಹಾಕಿಕೊಂಡ. "ಬರ್ತೀನ್ರಿ ಮಾಲಕರ" ಅಂದ. ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಮಾಲಕರೇ ಎಂದು ಕರೆದದ್ದಿಲ್ಲ. ಡ್ರೈವರ್ ಸಾಹೇಬ್ರು ಅಂತಲೇ. ಬಸ್ಸು ಬಿಟ್ಟ ಮೇಲೂ ಹಾಗೆ ಕರೆಯುತ್ತಿದ್ದವನು ಅವನೊಬ್ಬನೇ.

ಸುನಂದಾ ಇಡೀ ದಿನ ಮಾತಾಡಿಲ್ಲ. ಸಂಜೆ ಒಂದೇ ಮಾತು: "ಕಾಲಿಗಿ ಲಕ್ವಾ ಹೊಡದಿತ್ತು. ಈಗ ನಾಲಿಗಿಗಿ ಹೊಡಿಬೇಕಿತ್ತು."

ಆಗಸ್ಟ್ 26, ಮಂಗಳವಾರ. ಬೆಳಿಗ್ಗೆ, ಬಸ್ಸಿನಲ್ಲಿ

ಕಪನೂರಿನ ವರ್ಕ್‌ಶಾಪಿಗೆ ಹೊರಟಿದ್ದೇನೆ. ಫಿಲ್ಟರ್ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಿದ್ದೇನೆ. ನೀರಿನ ಬಾಟಲಿಯಲ್ಲಿ ಆಯಿಲ್. ಪಕ್ಕದವನು ಎರಡು ಸಲ ನೋಡಿದ, ಮಜ್ಜಿಗೆ ಎಂದುಕೊಂಡಿರಬೇಕು. ಈ ಡೈರಿಯೂ ಜೊತೆಗಿದೆ.

ಡ್ರೈವರ್ ಹೊಸ ಹುಡುಗ. ತಿರುವಿನಲ್ಲಿ ಗೇರು ತಡವಾಗಿ ಇಳಿಸುತ್ತಾನೆ. ನನ್ನ ಎಡಗಾಲು ಪ್ರತಿ ಸಲ ತಾನೇ ಒತ್ತಲು ಹೋಗುತ್ತದೆ. ಒತ್ತುವುದಿಲ್ಲ, ಬರೀ ನಡುಗುತ್ತದೆ. ಏಳು ದಿನ ಉಳಿದಿದೆ.

ಅದೇ ದಿನ. ಮಧ್ಯಾಹ್ನ 3, ಕಲಬುರಗಿ ಜಗತ್ ಸರ್ಕಲ್, ಚಹಾ ಅಂಗಡಿ

ಬರೆಯಬೇಕು. ಮರೆಯುವ ಮೊದಲೇ ಬರೆಯಬೇಕು. ನಗು ಬರುತ್ತಿದೆ.

ಕಪನೂರಿನಲ್ಲಿ ತ್ರಿವೇಣಿ ಫಿಲ್ಟರನ್ನು ಗರಗಸದಿಂದ ಕೊಯ್ದು ಎರಡು ಹೋಳು ಮಾಡಿದಳು. ಮೊದಲು ಆಯಸ್ಕಾಂತ ಆಡಿಸಿದಳು. ಏನೂ ಅಂಟಲಿಲ್ಲ. "ಕಬ್ಬಿಣದ ಪುಡಿ ಇಲ್ಲ. ಪಂಪ್ ಸವದಿಲ್ರಿ ಕಾಕಾ. ಪಂಪ್ ಚಲೋ ಅದ." ಹೋದ ಜೀವ ಬಂತು. ಎದುರಿಗಿದ್ದ ಡ್ರಮ್ಮಿನ ಮೇಲೆ ಕುಳಿತುಬಿಟ್ಟೆ.

ಆಮೇಲೆ ಅವಳು ಮೂಸಿ ನೋಡಿದಳು. ಹಮೀದ್ ಭಾಯ್‌ಗೂ ಮೂಸಲು ಕೊಟ್ಟಳು. "ಹುಳಿ ವಾಸನಿ ಬರ್ಲಾಕತ್ತದ." ಚಿಮುಟದಿಂದ ಸಣ್ಣ ಎಳೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಬಾಳೆ ನಾರಲ್ಲ, ಕಂದು ಬಣ್ಣ, ಬಿರುಸು. "ತೆಂಗಿನ ಜುಟ್ಟು ಇದು. ತೋಟದಾಗ ತೆಂಗಿನ ಗಿಡ ಎಷ್ಟವ ಕಾಕಾ?"

"ಒಂದೂ ಇಲ್ಲವ್ವ."

ಹೇಳುವಾಗಲೇ ಬೆವರು ಒಡೆಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ನಾನು ಹಣೆಯ ವಿಭೂತಿ ಮುಟ್ಟಿಕೊಂಡೆ.

"ಯಾವ್ಯಾವ ತಾರೀಖಿಗಿ ಕೆಟ್ಟಿತ್ತು, ಹೇಳ್ರಿ" ಅಂದಳು. ಡೈರಿ ತೆಗೆದು ಓದಿದೆ. ಜೂನ್ ಇಪ್ಪತ್ತೇಳು. ಜುಲೈ ಇಪ್ಪತ್ತಾರು. ಆಗಸ್ಟ್ ಇಪ್ಪತ್ತೈದು. ಹಮೀದ್ ಭಾಯ್ ಗೋಡೆಯ ಕ್ಯಾಲೆಂಡರಿಗೆ ಬೆರಳಿಟ್ಟು ಎಣಿಸಿದರು. "ಅರೇ, ಎಲ್ಲಾ ಅಮಾಸಿ ಆಗಿ ಎರಡನೇ ದಿನಾನೇ ಅವಲ್ಲ! ಅಮಾಸಿ ದಿನ ನನ್ನ ದುಕಾನಿಗಿ ಒಬ್ಬ ಗಿರಾಕಿ ಬರಲ್ಲ, ಅದಕ್ಕ ನನಗ ಪಕ್ಕಾ ನೆನಪಿರ್ತದ."

ಒಪ್ಪಿಕೊಂಡೆ. ಡಿಪೋದಲ್ಲಿ ನನಗೆ ಸ್ಟೀಯರಿಂಗ್ ಹಿಡಿಯಲು ಕಲಿಸಿದ ಹಿರಿಯ ಡ್ರೈವರ್ ಹೇಳಿಕೊಟ್ಟದ್ದು: ಅಮಾವಾಸ್ಯೆಗೆ ಗಾಡಿ ತೊಳಿ, ಕಾಯಿ ಒಡಿ, ಗಾಡಿ ಎಲ್ಲಿ ಕುಡಿಯುತ್ತದೋ ಆ ಬಾಯಿಯ ಮೇಲೆ ಕಾಯಿ ನೀರು ಬಿಡು. ಬಸ್ಸಿಗೆ ರೇಡಿಯೇಟರ್ ಮುಚ್ಚಳದ ಮೇಲೆ ಬಿಡುತ್ತಿದ್ದೆ. ಇಪ್ಪತ್ತೆಂಟು ವರ್ಷ. ಒಂದು ಬಸ್ಸೂ ನಡುದಾರಿಯಲ್ಲಿ ಕೈಕೊಡಲಿಲ್ಲ. ಗಿಡ್ಡಿಗೆ ಶುರು ಮಾಡಿದ್ದು ಅಣ್ಣನಿಗೆ ಮಾತು ಕೊಟ್ಟ ಮೇಲೆ, ಈ ಮಣ್ಣೆತ್ತಿನ ಅಮಾವಾಸ್ಯೆಯಿಂದ: ಸೀಟಿನ ಹಿಂದೆ, ಹೈಡ್ರಾಲಿಕ್ ಆಯಿಲ್ ಹಾಕುವ ಮುಚ್ಚಳದ ಮೇಲೆ.

ತ್ರಿವೇಣಿ ಹಣೆ ಚಚ್ಚಿಕೊಂಡಳು. "ಕಾಕಾ! ಅದು ಬಾಯಲ್ರಿ, ಮೂಗು!"

ಆ ಮುಚ್ಚಳದಲ್ಲಿ ಸಣ್ಣ ತೂತುಗಳಿವೆ, ಟ್ಯಾಂಕು ಉಸಿರಾಡಲು. ಸುತ್ತ ತಟ್ಟೆಯ ಹಾಗೆ ತಗ್ಗು. ನಾನು ಬೆಳಿಗ್ಗೆ ಕೆಲಸ ಮುಗಿಸಿ, ಗಾಡಿ ಬಿಸಿಯಿದ್ದಾಗಲೇ ತೊಳೆದು ಕಾಯಿ ಒಡೆಯುತ್ತಿದ್ದೆ. ನೀರು ಆ ತಗ್ಗಿನಲ್ಲಿ ನಿಲ್ಲುತ್ತದೆ. ಆಯಿಲ್ ಆರುತ್ತಾ ಬಂದಂತೆ ಟ್ಯಾಂಕು ಉಸಿರನ್ನು ಒಳಗೆಳೆದುಕೊಳ್ಳುತ್ತದೆ, ಉಸಿರಿನ ಜೊತೆ ನೀರು. ಮರುದಿನ ನಾನು ಮುಚ್ಚಳ ತೆಗೆದಾಗ ಉಳಿದ ಜುಟ್ಟು, ಕಸ ಒಳಗೆ. "ಮೂಗಿನಾಗ ನೀರು ಬಿಟ್ಟರ ಮನಷ್ಯಾರಿಗೂ ದಮ್ಮು ಕಟ್ತದಲ್ರಿ" ಅಂದಳು. ಆಮೇಲೆ ತಾನೇ ನಕ್ಕು, "ನಮ್ಮ ಮನ್ಯಾಗ ಅಮಾಸಿ ಪೂಜಿ ಇಲ್ಲ, ಬುದ್ಧ ವಂದನಾ ಅಷ್ಟ. ಇಲ್ಲಾಂದರ ನನಗ ಎರಡನೇ ಸಲಾನೇ ಹೊಳಿತಿತ್ತು ನೋಡ್ರಿ."

ಹಮೀದ್ ಭಾಯ್ ನಗುತ್ತಾ ಕೆಮ್ಮಿದರು, ಕೆಮ್ಮುತ್ತಾ ನಕ್ಕರು. ನಾನೂ ನಕ್ಕೆ. ಇಷ್ಟು ಹಗುರ ಎಂದೂ ಅನಿಸಿರಲಿಲ್ಲ. ಪಂಪ್ ಚೆನ್ನಾಗಿದೆ. ಗಿಡ್ಡಿಗೆ ರೋಗವಿಲ್ಲ. ಯಾರೂ ಏನೂ ಮಾಡಿಲ್ಲ...

ಯಾರೂ ಏನೂ ಮಾಡಿಲ್ಲ ಎಂದು ಬರೆದ ಮೇಲೆ ಪೆನ್ನು ನಿಂತಿತು. ದತ್ತಪ್ಪ.

ಜಗತ್‌ನಲ್ಲಿ ಆಯಿಲ್, ಫಿಲ್ಟರ್ ಕೊಂಡೆ. ನಾಳೆ ಗಣಪತಿ, ರಸ್ತೆಯ ತುಂಬ ಮೂರ್ತಿ, ಆಟೋಗಳಿಗೆ ಜಾಗವಿಲ್ಲ. ಅಣ್ಣನ ಅಂಗಡಿ ಇಲ್ಲೇ ಹತ್ತಿರ. ಹೋಗಲಿಲ್ಲ. ಈಗ ಹೋದರೆ ಮುಖ ನೋಡಿಯೇ ಎಲ್ಲ ಓದಿಬಿಡುತ್ತಾನೆ.

ಆಗಸ್ಟ್ 27

ಹಬ್ಬ. ಸುನಂದಾಳಿಗೆ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಮೋದಕ ಕರಿಯುತ್ತಿದ್ದವಳು ಝಾರಿ ಸೌಟನ್ನು ಮೇಲೆತ್ತಿ ಹಿಡಿದುಕೊಂಡು ಬಹಳ ಹೊತ್ತು ನಕ್ಕಳು. ಕೊನೆಗೆ ಕಣ್ಣೊರೆಸಿಕೊಂಡು, "ದತ್ತಪ್ಪನ ಮನಿಗಿ ಯಾವಾಗ ಹೋಗ್ತೀರಿ?" ಅಂದಳು.

"ಗಾಡಿ ರಿಪೇರಿ ಆಗಲಿ."

"ಗಾಡಿಗೂ ಅದಕ್ಕೂ ಏನು ಸಂಬಂಧ?"

ಇದೆ. ಗಿಡ್ಡಿಯ ಮೇಲೇ ಹೋಗಿ ಹೇಳಬೇಕು.

ಆಗಸ್ಟ್ 29, ಶುಕ್ರವಾರ

ಬೆಳಿಗ್ಗೆ ಒಂಬತ್ತರಿಂದ ನಾಲ್ಕರವರೆಗೆ ಇದೇ ಕೆಲಸ. ತ್ರಿವೇಣಿ ಎಲ್ಲ ಆಯಿಲ್ ಇಳಿಸಿದಳು. ಟ್ಯಾಂಕ್ ಒರೆಸಿದಳು. ಹೊಸ ಆಯಿಲ್ ಹಾಕಿ, ಸ್ವಲ್ಪ ಓಡಿಸಿ, ಅದನ್ನೂ ಇಳಿಸಿದಳು. "ಒಮ್ಮೆ ತೊಳದರ ಹೋಗಲ್ಲ. ಮೂಲಿ ಮೂಲ್ಯಾಗ ನೀರು ಕುಂತಿರ್ತದ." ಮತ್ತೆ ಹೊಸದು. ಮೂರನೆಯದು ಜೇನಿನ ಹಾಗೆ ನಿಂತಿತು.

ಆಮೇಲೆ ಗಾಳಿ ತೆಗೆಯುವುದು. ಇದು ನನಗೆ ಗೊತ್ತಿರಲಿಲ್ಲ. ಆಯಿಲ್ ಬದಲಿಸಿ ಸುಮ್ಮನೆ ಹೊರಟರೆ ಪೈಪುಗಳಲ್ಲಿ ಗಾಳಿ ಉಳಿಯುತ್ತದೆ, ಆ ಗಾಳಿಯೇ ಪಂಪಿಗೆ ವೈರಿ. ಹಿಂದಿನ ಗಾಲಿಗಳಿಗೆ ಜಾಕ್ ಕೊಟ್ಟು ನೆಲದಿಂದ ಎತ್ತಿದಳು. ಹಿಂದೆ ಒಂದು ಸಣ್ಣ ಕೋಲು ಇದೆ, ಎಳೆದರೆ ಆಯಿಲ್ ಗಾಲಿಗೆ ಹೋಗದೆ ಬರೀ ತಿರುಗುತ್ತದೆ. ಅದನ್ನು ಎಳೆದು ಎಂಜಿನ್ ಶುರು. "ಹತ್ರಿ ಕಾಕಾ. ಸಾವಕಾಶ ಮುಂದ ಒತ್ರಿ. ಐದು ಎಣಿಸ್ರಿ. ಹಿಂದ. ಐದು." ಆರು ಸಲ. ನಿಲ್ಲಿಸಿ, ಆಯಿಲ್ ಇಳಿದಷ್ಟು ತುಂಬಿ, ಕೋಲು ಒಳಗೆ ತಳ್ಳಿ, ಮತ್ತೆ ಆರು ಸಲ. ಮೊದಲು ಟ್ಯಾಂಕಿನಲ್ಲಿ ಗುಳುಗುಳು ಗುಳ್ಳೆ. ಆಮೇಲೆ ಕಡಿಮೆ. ಆಮೇಲೆ ಇಲ್ಲ. ಗಾಲಿ ಗಾಳಿಯಲ್ಲೇ ಗಕ್ಕನೆ ತಿರುಗಿತು. ಬಲಗಾಲಿಗೆ ಆ ಹಿಡಿತ ಮುಟ್ಟಿತು.

ಹೋಗುವಾಗ ಸುನಂದಾಳಿಗೆ, "ಕಾಕಿ, ಕಾಯಿ ಒಡೀಬ್ಯಾಡ್ರಿ ಅನ್ನಲ್ಲ. ಮುಂದಿನ ಗಾಲಿ ಮುಂದ ಒಡೀರಿ. ತೊಳಿಯೋದು ಮರುದಿನ ತಂಪಾದ ಮ್ಯಾಲ, ಬಟ್ಟಿಲೆ ಒರಸಿ, ಅಷ್ಟ" ಎಂದು ಹೇಳಿದಳು. ನನಗೆ ಹೇಳಲಿಲ್ಲ. ನನ್ನ ಮೇಲೆ ಭರವಸೆಯಿಲ್ಲ, ಸರಿಯೇ.

ಆಗಸ್ಟ್ 30, ಶನಿವಾರ

ಗಿಡ್ಡಿಯನ್ನು ಹೊಡೆದುಕೊಂಡು ದತ್ತಪ್ಪನ ಓಣಿಗೆ ಹೋದೆ. ತೋಟದಿಂದ ಹೊರಗೆ ಊರೊಳಗೆ ಅವಳನ್ನು ತಂದದ್ದು ಇದೇ ಮೊದಲು. ಒಂದೂವರೆ ಕಿಲೋಮೀಟರ್. ಎಂಟು ಮಂದಿ ತಡೆದು "ಎಲ್ಲಿಗಿ?" ಎಂದು ಕೇಳಿದರು. "ತಪ್ಪು ಒಪ್ಕೋಳಾಕ" ಎಂದೆ. ಎಲ್ಲರೂ ನಕ್ಕು ದಾರಿ ಬಿಟ್ಟರು, ಚೇಷ್ಟೆ ಎಂದುಕೊಂಡು.

ದತ್ತಪ್ಪ ಕಟ್ಟೆಯ ಮೇಲೆ ಕುಳಿತಿದ್ದ. ಏಳಲಿಲ್ಲ. ಅವನ ಹೆಂಡತಿ ಪುತಳಾಬಾಯಿ ಬಾಗಿಲಲ್ಲಿ ನಿಂತು ನೋಡಿದಳು. ಗಾಡಿ ಆಫ್ ಮಾಡಿದೆ. ಕಲಬುರಗಿಯಿಂದ ಬರುವಾಗ ಬಸ್ಸಿನಲ್ಲಿ ಕುಳಿತು ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ.

"ನೀರು ಬಿಟ್ಟಾಂವ ನಾನೇ ದತ್ತಪ್ಪ. ಕಾಯಿ ನೀರು. ಪ್ರತಿ ಅಮಾಸಿಗಿ. ನಿನಗ ಅಂದದ್ದು ತಪ್ಪಾಯ್ತು. ಅಣ್ಣನ ಮಾತು ಎತ್ತಿದ್ದಂತೂ ಭಾಳ ತಪ್ಪಾಯ್ತು."

ನಾನು ಸೀಟಿನ ಮೇಲೆ, ಅವನು ಕಟ್ಟೆಯ ಮೇಲೆ. ಮೇಲೆ ಕುಳಿತು ತಪ್ಪು ಕೇಳುವುದು ಸರಿಯಲ್ಲ ಅನಿಸಿತು. ಇಳಿದೆ. ಎಡಗಾಲು ಎಡವಿತು. ಅವನು ಎದ್ದು ಬಂದು ರಟ್ಟೆ ಹಿಡಿದ. ಎಡವಿದ್ದು ಬೇಕಂತಲ್ಲ, ಆದರೆ ಎಡವಿದ್ದು ಒಳ್ಳೆಯದೇ ಆಯಿತು.

"ಹನ್ನೊಂದು ವರ್ಷ ಆಯ್ತು. ಒಂದು ಗೊನಿ ಕೇಳದ ಒಯ್ದಿಲ್ಲ ನಾ" ಅಂದ. ದನಿ ಒಡೆದಿತ್ತು. "ನಿಮ್ಮ ಅಣ್ಣನ ಕಡಿ ಮಾತಾಡ್ತೀನಿ ಅಂದ್ರಲ್ಲ. ಅದು ನಾಟಿತ್ತು."

"ಹೌದು. ನಾಟೂ ಮಾತೇ ಅದು" ಅಂದೆ.

ಪುತಳಾಬಾಯಿ ಚಹಾ ತಂದಳು. ಕುಡಿದೆವು. ಕಪ್ಪು ಇಡುತ್ತಾ ಅವನು ಗಿಡ್ಡಿಯ ಮುಚ್ಚಳಕ್ಕೆ ಬೆರಳು ತೋರಿಸಿ, "ಇದಕ್ಕಽ ಏನ್ರಿ ಕಾಯಿ ನೀರು ಕುಡಿಸಿದ್ದು?" ಎಂದು ಕೇಳಿದ. ತುಟಿಯ ಮೂಲೆ ಸ್ವಲ್ಪ ಅಲುಗಿತು. ಪೂರ್ತಿ ನಗಲಿಲ್ಲ. ನಾಳೆ ಬರುತ್ತೀಯಾ ಎಂದು ಕೇಳುವ ಧೈರ್ಯವಾಗಲಿಲ್ಲ.

ಆಗಸ್ಟ್ 31

ಬರಲಿಲ್ಲ.

ಸೆಪ್ಟೆಂಬರ್ 1, ಸೋಮವಾರ. ಬೆಳಿಗ್ಗೆ 6.30

ಶೆಡ್ಡಿಗೆ ಹೋದರೆ ಗೂಟದಲ್ಲಿ ಕುಡುಗೋಲು ಇಲ್ಲ. ಅದನ್ನೂ ಒಯ್ದುಬಿಟ್ಟನೇ ಎಂದುಕೊಂಡೆ. ಆಮೇಲೆ ಸಾಲಿನೊಳಗಿಂದ ಬಾಳೆ ಎಲೆ ಕೊಯ್ಯುವ ಸದ್ದು ಕೇಳಿತು. "ಡ್ರೈವರ್ ಸಾಹೇಬ್ರ, ಫ್ಯಾನಿಗಿ ನಾರು ಸುತ್ಯಾದೇನು ನೋಡ್ರಿ ಮೊದಲ" ಎಂದು ಅಲ್ಲಿಂದಲೇ ಕೂಗಿದ.

ಬಗ್ಗಿ ನೋಡಿದೆ. ಬಹಳ ಹೊತ್ತು ಬಗ್ಗಿಯೇ ಇದ್ದೆ.

ಸೆಪ್ಟೆಂಬರ್ 2, ಮಂಗಳವಾರ. ಬೆಳಿಗ್ಗೆ 10.15

ಕಡ್ಡಿ ನೋಡಿದೆ. ಜೇನು. ಬೆಳಿಗ್ಗೆ ಎರಡು ತಾಸು ಬೇಕಂತಲೇ ಓಡಿಸಿದ್ದೇನೆ, ಚೆನ್ನಾಗಿ ಬಿಸಿಯಾಗಲಿ ಎಂದು. ತಂಪು ಗಾಡಿ ದಿಬ್ಬ ಏರಿದರೆ ಅದು ಮೋಸ. ಅಣ್ಣನಿಗೆ ಮೋಸ ಮಾಡಿ ಗೆಲ್ಲುವುದು ಬೇಡ.

10.50

ಅಣ್ಣನ ಫೋನ್. ಕಾರು ಮೇನ್ ರೋಡಿನಲ್ಲೇ ನಿಂತಿದೆಯಂತೆ, ನಿನ್ನೆಯ ಮಳೆಗೆ ತೋಟದ ದಾರಿ ಪೂರ್ತಿ ಕೆಸರು. "ಯಾರನ್ನರ ಬೈಕ್ ಮ್ಯಾಲ ಕಳಸು." ಕಳಿಸುವುದಿಲ್ಲ. ನಾನೇ ಹೋಗುತ್ತೇನೆ.

12.30

ಮೇನ್ ರೋಡಿನಲ್ಲಿ ಅಣ್ಣ ಬಿಳಿ ಬಟ್ಟೆಯಲ್ಲಿ, ದೌಲಪ್ಪ ಟೋಪಿಯಲ್ಲಿ. ಗಿಡ್ಡಿಯ ಹಿಂದೆ ಸಣ್ಣ ಟ್ರಾಲಿ ಕಟ್ಟಿ ಗೋಣಿಚೀಲ ಹಾಸಿದ್ದೆ. ಅಣ್ಣ ನನ್ನ ಕಾಲು ನೋಡಿದ, ಕೆಸರು ನೋಡಿದ, ಹತ್ತಿದ.

ದಿಬ್ಬದ ಬುಡ ಬಂತು. ಪೆಡಲ್ ಒತ್ತಿದೆ. ಐದು ಮೀಟರ್. ಹತ್ತು. ಕುಂಯ್ ಎಂದು ಕೇಳುತ್ತದೇನೋ ಎಂದು ಕಿವಿಯೇ ನನ್ನ ಮೈಯೆಲ್ಲ ಆಗಿತ್ತು. ನಡುವೆ, ಎರಡು ಸಲ ನಿಂತಿದ್ದ ಜಾಗದಲ್ಲಿ, ದತ್ತಪ್ಪ ಕೈಯಲ್ಲಿ ಕಲ್ಲು ಹಿಡಿದು ನಿಂತಿದ್ದ. ನಾನು ಹೇಳಿರಲಿಲ್ಲ, ತಾನಾಗಿ ಬಂದು ನಿಂತಿದ್ದ. ಗಿಡ್ಡಿ ಅವನ ಮುಂದೆಯೇ ಏರಿ ಹೋದಳು. ಅವನು ಕಲ್ಲನ್ನು ಹೊಲದೊಳಗೆ ಎಸೆದ. ತಿರುಗಿ ನೋಡುವ ಹಾಗಿರಲಿಲ್ಲ, ಸದ್ದು ಕೇಳಿದೆ.

ಮೇಲೆ ಹೋಗಿ ಕಾಲೆತ್ತಿದೆ. ನಿಂತಳು.

ಅಣ್ಣ ತೋಟ ಪೂರ್ತಿ ಸುತ್ತಿದ. ಕೆಂಪು ಗೊನೆಗಳನ್ನು ಮುಟ್ಟಿ ಮುಟ್ಟಿ ನೋಡಿದ. ದೌಲಪ್ಪನೂ ನೋಡಿ, "ತ್ವಾಟ ಭಾಳ ಚಂದ ಇಟ್ಟೀರಿ. ನಾ ತಗೋತೀನ್ರಿ" ಅಂದ. ಅಣ್ಣ ಬಾಳೆಹಣ್ಣು ಸುಲಿದು ಅರ್ಧ ತಿಂದು, "ದೌಲಪ್ಪ, ನಿಮಗ ಸುಮ್ಕ ತ್ರಾಸ ಕೊಟ್ಟೆ ನೋಡ್ರಿ. ಇದನ್ನ ಮಾಡೋರು ಇದ್ದಾರ" ಅಂದ. ಆಮೇಲೆ ನನ್ನ ಕಡೆ ನೋಡದೆ, "ಗಲ್ಲಾ ಮ್ಯಾಲ ಬ್ಯಾರೆ ಯಾರನ್ನರ ಕೂಡಸ್ತೀನಿ ಬಿಡು ಮಲ್ಲ್ಯಾ."

ಖುಷಿಯಾಯಿತು. ಇದಕ್ಕಿಂತ ದೊಡ್ಡ ಶಬ್ದ ಬರೆಯಲು ಬರುತ್ತಿಲ್ಲ. ಖುಷಿಯಾಯಿತು.

ಊಟ ಮಾಡಿ ಹೊರಟಿದ್ದಾರೆ. ಮೇನ್ ರೋಡಿಗೆ ಬಿಡಬೇಕು. ಸುನಂದಾ ಬಾಳೆಗೊನೆ ಕಟ್ಟಿಕೊಡುತ್ತಿದ್ದಾಳೆ, ಅಷ್ಟರಲ್ಲಿ ಸೀಟಿನ ಮೇಲೆ ಕುಳಿತು ಇಷ್ಟು ಬರೆದೆ. ದೌಲಪ್ಪ ಹತ್ತಿದ. ದತ್ತಪ್ಪನೂ ಹತ್ತಿದ, ಅವನಿಗೂ ರೋಡಿನವರೆಗೆ ಬರಬೇಕಂತೆ. ಅಣ್ಣ ಹತ್ತಿದ. ಮೂರು ಜನ.

ಹಿಂದಿನಿಂದ ಅಣ್ಣ ಟ್ರಾಲಿಯ ಪತ್ರಾ ಎರಡು ಸಲ ತಟ್ಟಿದ. ಟಪ್ ಟಪ್. "ರೈಟ್, ರೈಟ್!"

ಮೂರು ವರ್ಷವಾಗಿತ್ತು ನನಗೆ ಯಾರೂ ರೈಟ್ ಹೇಳಿ. ಅಕ್ಷರ ಕಾಣುತ್ತಿಲ್ಲ. ಮತ್ತೆ ತಟ್ಟುತ್ತಿದ್ದಾನೆ. ಹೊರಟೆ, ಹೊ...